ಬಾದಾಮಿಯಿಂದ ಮಹಾಕೂಟಕ್ಕೆ: ಕೆಂಗಲ್ಲಿನ ಬೆಟ್ಟದ ಕಾಲುದಾರಿ

ಬಾದಾಮಿಯ ಚಾಲುಕ್ಯರ ಇತಿಹಾಸವನ್ನು ಬರೆದವರು ಶಾಸನಗಳನ್ನು ಓದಿದ್ದಾರೆ, ದೇವಾಲಯಗಳನ್ನು ಅಳೆದಿದ್ದಾರೆ, ಶಿಲ್ಪಗಳ ಲಕ್ಷಣಗಳನ್ನು ವಿವೇಚಿಸಿದ್ದಾರೆ. ಒಂದು ಶಾಸನಕ್ಕೂ ಇನ್ನೊಂದು ದೇವಾಲಯಕ್ಕೂ ನಡುವೆ ಇರುವ ನೆಲವಾದರೋ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಂಖ್ಯೆಯಾಗಿ ಮಾತ್ರ ಉಳಿದುಕೊಂಡಿದೆ. ಬಾದಾಮಿಯಿಂದ ಮಹಾಕೂಟಕ್ಕೆ ಸುಮಾರು 14 ಕಿಲೋಮೀಟರ್ ಎಂದು ಓದಿದ ವಿದ್ಯಾರ್ಥಿಗೆ ಅವು ಎರಡು ಬೇರೆ ಊರುಗಳೆಂದು ತೋರುವುದು ಸಹಜವೇ. ಆದರೆ ಆ ದೂರ ಬೆಟ್ಟವನ್ನು ಬಳಸಿಕೊಂಡು ಹೋಗುವ ಗಾಡಿರಸ್ತೆಯ ದೂರ. ಬೆಟ್ಟದ ಮೇಲಿನಿಂದ ನೇರವಾಗಿ ಎಣಿಸಿದರೆ ಅಂತರವು 5 ಕಿಲೋಮೀಟರಿನಷ್ಟು ಮಾತ್ರ. ಅಲ್ಲಿ ಒಂದು ಕಾಲುದಾರಿಯೂ ಉಂಟು. ಆ ದಾರಿಯನ್ನು ಒಂದು ಐತಿಹಾಸಿಕ ಆಕರವೆಂದು ಭಾವಿಸಿ ಓದುವುದು ಹೇಗೆಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಗಣೇಶಗುಡಿ, ದಾಂಡೇಲಿ, ಹಳಿಯಾಳಗಳ ಕಡೆಯ ವಿದ್ಯಾರ್ಥಿಗಳಿಗೆ ಬೆಟ್ಟದ ನಡಿಗೆ ಹೊಸತಲ್ಲ. ಆದರೆ ಅವರು ಕಂಡ ಬೆಟ್ಟವೇ ಬೇರೆ. ಸಹ್ಯಾದ್ರಿಯ ಹೆಚ್ಚು ದೂರವಿಲ್ಲದ ಎರಡು ಎಡೆಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿಯು ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿಗೆ ತಡೆದು, ಕಾಡಿನ ನಡುವೆ ತಿರುಗಿ, ಕಾರವಾರದ ಬಳಿ ಪಶ್ಚಿಮ ಸಮುದ್ರವನ್ನು ಸೇರುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯಾದರೋ ಪೂರ್ವಾಭಿಮುಖವಾಗಿ ಹೊರಟು, ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಕಲ್ಲುಬೆಟ್ಟವನ್ನು ಸೀಳಿಕೊಂಡು, ರಾಮದುರ್ಗವನ್ನು ದಾಟಿ ಬಾದಾಮಿಯ ಸೀಮೆಗೆ ಬರುತ್ತದೆ. ಈ ನದಿಯ ಜೊತೆಯಲ್ಲಿ ಪೂರ್ವಕ್ಕೆ ಸಾಗಿದಂತೆಲ್ಲ ಮಳೆ ತಗ್ಗುತ್ತದೆ, ಮರ ತಗ್ಗುತ್ತದೆ, ಕೊನೆಗೆ ಕಲ್ಲೊಂದೇ ಉಳಿಯುತ್ತದೆ. ಗಣೇಶಗುಡಿಯ ಕಾಡಿನಲ್ಲಿ ನಡೆಯುವವನು ಮರವನ್ನೂ ಹಳ್ಳವನ್ನೂ ಗುರುತು ಹಿಡಿದು ನಡೆಯುತ್ತಾನೆ. ಅವನಿಗೆ ನೆಲದ ಮೈಕಟ್ಟು ಕಾಣುವುದೇ ಇಲ್ಲ. ಬಾದಾಮಿಯಲ್ಲಿ ನೆಲವು ತನ್ನ ಎಲುಬನ್ನು ಹೊರಗಿಟ್ಟುಕೊಂಡೇ ನಿಂತಿದೆ. ಭೂರಚನೆಗೂ ಮಾನವ ಚರಿತ್ರೆಗೂ ಇರುವ ಸಂಬಂಧವನ್ನು ಕಲಿಸಬೇಕೆನ್ನುವ ಅಧ್ಯಾಪಕನಿಗೆ ಇದಕ್ಕಿಂತ ಒಳ್ಳೆಯ ತರಗತಿ ಕರ್ನಾಟಕದಲ್ಲಿ ಸಿಕ್ಕುವುದು ಕಷ್ಟ.

ಅಮೆರಿಕ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದ ಮರುಭೂಮಿಯಲ್ಲಿ, ಎಂದರೆ ಯೂಟಾ, ಅರಿಜೋನಾ, ನ್ಯೂ ಮೆಕ್ಸಿಕೋ ಪ್ರಾಂತಗಳಲ್ಲಿ, ತಲೆ ಚಪ್ಪಟೆಯಾಗಿ ಬದಿಗಳು ಗೋಡೆಯಂತೆ ಕಡಿದಾಗಿ ನಿಂತ ಕೆಂಪು ಬೆಟ್ಟಗಳಿವೆ. ಅವುಗಳಿಗೆ ಮೇಸಾ ಎಂದು ಹೆಸರು. ಸ್ಪಾನಿಷ್ ಭಾಷೆಯಲ್ಲಿ ಆ ಮಾತಿಗೆ ಮೇಜು ಎಂದೇ ಅರ್ಥ. ಕಲ್ಲಿನ ಪದರಗಳು ಅಡ್ಡಲಾಗಿ, ಹಾಸಿದ ಜಮಖಾನೆಗಳಂತೆ ಒಂದರ ಮೇಲೊಂದು ಮಲಗಿರುವಲ್ಲಿ, ಮೇಲಿನ ಪದರ ಗಟ್ಟಿಯಾಗಿದ್ದರೆ ಅದು ಛಾವಣಿಯಂತೆ ಕೆಳಗಿನ ಮೆದು ಪದರಗಳನ್ನು ಕಾಪಾಡುತ್ತದೆ. ಮಳೆಗಾಳಿಗಳು ಬದಿಯನ್ನು ಮಾತ್ರ ಕೊರೆಯಬಲ್ಲವು. ಬುಡ ಸವೆದಾಗ ಮೇಲಿನ ಚಪ್ಪಡಿ ಆಧಾರ ತಪ್ಪಿ ಮುರಿದು ಬೀಳುತ್ತದೆ. ಹೀಗೆ ಬೆಟ್ಟವು ಕುಗ್ಗುತ್ತಾ ಹೋದರೂ ಅದರ ತಲೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಬಾದಾಮಿಯ ಬೆಟ್ಟಗಳನ್ನು ಮೇಸಾ ಎಂದು ಕರೆದರೆ ಭೂಗೋಳಜ್ಞರು ಹುಬ್ಬು ಗಂಟಿಕ್ಕಬಹುದು. ಇದು ಮರುಭೂಮಿಯಲ್ಲ, ಮಳೆನೆರಳಿನ ಒಣಸೀಮೆ. ಬೆಟ್ಟಗಳು ಬಿಡಿಬಿಡಿಯಾಗಿ ನಿಲ್ಲದೆ ಒಂದಕ್ಕೊಂದು ಹೊಂದಿಕೊಂಡಿವೆ. ಆದರೂ ಕಟ್ಟಡದ ನಿಯಮ ಒಂದೇ.

ಈ ಸೀಮೆಯ ಶಿಲೆಗಳನ್ನು ಮೊದಲು ಕ್ರಮವಾಗಿ ವರ್ಣಿಸಿದವನು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂಲಕ್ಷಣಗಳನ್ನು ಕುರಿತ ಅವನ ಗ್ರಂಥ 1876ರಲ್ಲಿ ಪ್ರಕಟವಾಯಿತು. ಕಲಾದಗಿಯ ಹೆಸರು ಈ ಶಿಲಾಸಮೂಹಕ್ಕೆ ಬಂದದ್ದು ಆಗಲೇ. ಕಲಾದಗಿ ಶಿಲೆಗಳಲ್ಲಿ ಎರಡು ತಲೆಮಾರು ಉಂಟು. ಹಿರಿಯದಾದ ಬಾಗಲಕೋಟೆ ಗುಂಪು ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಿಸಿಕೊಂಡಿದೆ. ಅದು ಮಡಿಸಿಕೊಂಡು, ಸವೆದು, ಆಮೇಲೆ ಅದರ ಮೇಲೆ ನಿಕ್ಷೇಪವಾದ ಕಿರಿಯ ಬಾದಾಮಿ ಗುಂಪಾದರೋ ಹೆಚ್ಚುಕಡಿಮೆ ಮಲಗಿದಂತೆಯೇ ಇದೆ. ಕಿರಿಯದೆಂದರೂ ಅದು ನೆಲದ ಮೇಲೆ ಗಿಡವಾಗಲಿ ಪ್ರಾಣಿಯಾಗಲಿ ಇನ್ನೂ ಕಾಣಿಸಿಕೊಳ್ಳದಿದ್ದ ಕಾಲದ್ದು. ನೀರು ಹೊತ್ತು ತಂದ ಮರಳು ಆಗ ಪದರಪದರವಾಗಿ ನೆಲೆಗೊಂಡು ಕಲ್ಲಾಯಿತು. ಆ ಪ್ರವಾಹ ಹರಿದ ದಿಕ್ಕನ್ನು ತೋರುವ ಓರೆಗೆರೆಗಳನ್ನು ಗುಹೆಗಳ ಗೋಡೆಯಲ್ಲಿ ಈಗಲೂ ಕಾಣಬಹುದು. ಶಿಲ್ಪಗಳ ಮೈಮೇಲೆ ಹಾದುಹೋದ ಆ ಗೆರೆಗಳನ್ನು ನೋಡುಗರು ಬಣ್ಣದ ಅಲಂಕಾರವೆಂದು ತಿಳಿಯುವುದುಂಟು. ಮರಳಿನ ಕಣಗಳಿಗೆ ಅಂಟಿಕೊಂಡ ಕಬ್ಬಿಣದ ಆಕ್ಸೈಡಿನ ತೆಳುಲೇಪವೇ ಕಲ್ಲಿನ ಕೆಂಪಿಗೆ ಕಾರಣ. ಭೂವಿಜ್ಞಾನಿಗಳು ಈ ಮರಳುಗಲ್ಲಿನ ಒಂದು ಪದರಕ್ಕೆ ಗುಹಾದೇವಾಲಯದ ಹೆಸರನ್ನೇ ಇಟ್ಟಿರುವುದು ಇತಿಹಾಸಕಾರರಾದ ನಮಗೆ ಸಂತೋಷದ ಸಂಗತಿ.

ದಾರಿಯ ವಿಚಾರದಲ್ಲಿ ಪದರಕ್ಕಿಂತಲೂ ಮುಖ್ಯವಾದದ್ದು ಬಿರುಕು. ಅಡ್ಡಪದರಗಳನ್ನು ಮೇಲಿಂದ ಕೆಳಕ್ಕೆ ಸೀಳುವ ನೆಟ್ಟನೆಯ ಬಿರುಕುಗಳು ಈ ಬೆಟ್ಟಗಳಲ್ಲಿ ಬಹಳ. ನೀರು ಅವುಗಳಲ್ಲಿ ಇಳಿದಿಳಿದು ಅಗಲಿಸುತ್ತದೆ. ಮೊದಲು ಸಂದು, ಆಮೇಲೆ ಓಣಿ, ಕೊನೆಗೆ ಕೊಳ್ಳ. ಕಡಿದಾದ ಬಂಡೆಗೋಡೆಯನ್ನು ಎಲ್ಲೆಂದರಲ್ಲಿ ಹತ್ತಲಾಗದು. ಬಿರುಕು ಎಲ್ಲಿದೆಯೋ ಅಲ್ಲಿ ಮಾತ್ರ ಮನುಷ್ಯನಿಗೆ ಪ್ರವೇಶ. ಬಾದಾಮಿಯ ಬಡಗಣ ಕೋಟೆಗೆ ಏರುವವರು ಎರಡು ಎತ್ತರದ ಬಂಡೆಗೋಡೆಗಳ ನಡುವಣ ಇಕ್ಕಟ್ಟಾದ ಓಣಿಯಲ್ಲಿ ನುಸುಳಿ ಹೋಗಬೇಕಾದುದನ್ನು ಬಲ್ಲರು. ಆ ಓಣಿಯನ್ನು ಯಾವ ಅರಸನೂ ಕಡಿಸಿದ್ದಲ್ಲ. ಅರಸರು ಅದಕ್ಕೆ ಮೆಟ್ಟಿಲನ್ನೂ ಬಾಗಿಲನ್ನೂ ಇಟ್ಟರು, ಅಷ್ಟೆ. ಆ ಕೋಟೆಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನವಿದೆ. ಶಕವರ್ಷ 465, ಎಂದರೆ ಕ್ರಿ.ಶ. 543ರ ಈ ಶಾಸನವನ್ನು 1941ರಲ್ಲಿ ಆರ್. ಎಸ್. ಪಂಚಮುಖಿಯವರು ಪತ್ತೆ ಹಚ್ಚಿದರು. ವಾತಾಪಿಯ ಬೆಟ್ಟವನ್ನು ಮೇಲೆಯೂ ಕೆಳಗೂ ದುರ್ಗವಾಗಿ ಮಾಡಿಸಿದನೆಂಬುದು ಅದರ ತಾತ್ಪರ್ಯ. ಈ ‘ಮೇಲೆ, ಕೆಳಗೆ’ ಎಂಬ ಮಾತು ಕೊಠಡಿಯಲ್ಲಿ ಕುಳಿತು ಓದುವವನಿಗೆ ಪ್ರಶಸ್ತಿಯ ಅಲಂಕಾರದಂತೆ ಕೇಳಿಸುತ್ತದೆ. ಓಣಿಯನ್ನು ಹತ್ತಿ ಮೇಲಿನ ಹಾಸುಬಂಡೆಯಲ್ಲಿ ನಿಂತವನಿಗೆ ಅದು ಸ್ಥಳವರ್ಣನೆ. ಕೆಳಗೊಂದು ನೆಲ, ನಡುವೆ ಗೋಡೆ, ಮೇಲೆ ಮತ್ತೊಂದು ನೆಲ: ಈ ಬೆಟ್ಟದ ರಚನೆಯೇ ಹಾಗೆ.

ಇನ್ನು ನಮ್ಮ ಕಾಲುದಾರಿ. ಅಗಸ್ತ್ಯತೀರ್ಥವೆಂಬ ಕೆರೆಯ ಪಡುವಣ ದಿಕ್ಕಿನಲ್ಲಿ ಊರು ಮತ್ತು ಕೆರೆಯ ಏರಿ. ಉಳಿದ ಮೂರು ಕಡೆಗಳಲ್ಲಿಯೂ ಬೆಟ್ಟ. ಬೆಟ್ಟದಿಂದ ಇಳಿದ ಮಳೆನೀರೆಲ್ಲ ಈ ಪಾತ್ರೆಗೆ ಬಂದು ಸೇರುವಂತೆ ಒಂದೇ ಬದಿಯಲ್ಲಿ ಏರಿ ಹಾಕಿದವರ ಜಾಣ್ಮೆಯನ್ನು ಮೆಚ್ಚಬೇಕು. ಕೆರೆಯ ಈಶಾನ್ಯ ಭಾಗದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರ ಈ ಬರಹ ಕನ್ನಡ ತ್ರಿಪದಿಯ ಅತಿ ಹಳೆಯ ಉದಾಹರಣೆಯೆಂದು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೂ ವಿದಿತವೇ ಆಗಿದೆ. ಆದರೆ ಇದು ದಾನಶಾಸನವಲ್ಲ, ಅರಸನ ವಿಜಯವನ್ನು ಸಾರುವುದೂ ಅಲ್ಲ. ಒಬ್ಬ ಮನುಷ್ಯನ ಸ್ವಭಾವವನ್ನು ಹೊಗಳುವ ಪದ್ಯಗಳು. ಭೂಮಿಯ ಎಲ್ಲೆಯನ್ನು ಗೊತ್ತುಪಡಿಸುವ ಶಾಸನವನ್ನು ಯಾರೂ ಓದದಿದ್ದರೂ ಅದು ತನ್ನ ಕೆಲಸ ಮಾಡುತ್ತದೆ. ಹೊಗಳಿಕೆಯ ಪದ್ಯಕ್ಕಾದರೋ ಓದುಗ ಬೇಕು. ಇಂಥ ಬರಹವನ್ನು ಬಂಡೆಯ ಮೇಲೆ ಕೆತ್ತಿಸಿದವನು ಆ ಬಂಡೆಯ ಮುಂದೆ ಜನ ಹಾದುಹೋಗುತ್ತಾರೆಂಬುದನ್ನು ಬಲ್ಲವನಾಗಿರಬೇಕೆಂದು ನಮ್ಮ ಅಭಿಪ್ರಾಯ.

ಊರಿನ ಬಯಲನ್ನು ಬಿಟ್ಟು ದಾರಿ ಪೂರ್ವಕ್ಕೆ ತಿರುಗಿ ಬೆಟ್ಟವನ್ನು ಏರುತ್ತದೆ. ಏರು ಕಡಿದು, ಆದರೆ ಉದ್ದವಲ್ಲ. ಕೆಲವೆಡೆ ಚಪ್ಪಡಿ ಹಾಸಿದ್ದಾರೆ, ಕೆಲವೆಡೆ ಬಂಡೆಯೇ ಮೆಟ್ಟಿಲಾಗಿದೆ. ಹತ್ತಿ ಬಂದ ಮೇಲೆಯೇ ನಿಜವಾದ ಕಷ್ಟ ಆರಂಭವಾಗುತ್ತದೆ. ಮೇಲಿನ ಸಮತಟ್ಟು ದೂರದಿಂದ ಮೇಜಿನಂತೆ ಕಂಡರೂ ಒಳಗೆ ಕೊಳ್ಳಗಳಿಂದಲೂ ಉರುಳಿಬಿದ್ದ ಗುಂಡುಗಳಿಂದಲೂ ಮುಳ್ಳುಕಂಟಿಗಳಿಂದಲೂ ತುಂಬಿದೆ. ಮಣ್ಣಿನ ದಾರಿಯಲ್ಲಿ ಹೆಜ್ಜೆಯ ಗುರುತು ಉಳಿಯುತ್ತದೆ, ಹಾಸುಬಂಡೆಯ ಮೇಲೆ ಉಳಿಯುವುದಿಲ್ಲ. ಇಲ್ಲಿ ದಾರಿ ತಪ್ಪುವವರು ತಪ್ಪುವುದು ಏರಿನಲ್ಲಲ್ಲ, ಈ ಸಮತಟ್ಟಿನಲ್ಲಿ. ಮುಂದಿನ ಬಂಡೆಯನ್ನು ಗುರಿಯಾಗಿಟ್ಟು ನಡೆದರೆ ನಡುವೆ ಕಾಣದಿದ್ದ ಕೊಳ್ಳವೊಂದು ಅಡ್ಡ ಬರುತ್ತದೆ. ಅದನ್ನು ಬಳಸಿ ಹೋದರೆ ಬಂದ ದಿಕ್ಕೇ ಮರೆಯುತ್ತದೆ. ಹಳೆಯ ದಾರಿ ಇದಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಅದು ಕೊಳ್ಳದ ಬಾಯನ್ನು ಬಿಟ್ಟು, ಕೊಳ್ಳ ಇನ್ನೂ ಸಂದಾಗಿರುವ ತಲೆಯ ಕಡೆಗೆ ಸರಿದು, ದಾಟಿ, ಮತ್ತೆ ತನ್ನ ದಿಕ್ಕನ್ನು ಹಿಡಿಯುತ್ತದೆ. ಬೆಳಗಿನ ಓರೆಬಿಸಿಲಿನಲ್ಲಿ ಬಂಡೆಯನ್ನು ತಗ್ಗಿ ನೋಡಿದರೆ, ಒರಟಾದ ಕಲ್ಲಿನ ನಡುವೆ ನುಣುಪಾದ, ತುಸು ಮಂಕಾದ ಒಂದು ಪಟ್ಟಿ ಕಾಣುತ್ತದೆ. ತಲೆಮಾರುಗಳ ಕಾಲು ಉಜ್ಜಿ ಉಜ್ಜಿ ಮಾಡಿದ ನುಣುಪು ಅದು. ಈ ಪಟ್ಟಿಯನ್ನು ಹಿಡಿದು ನಡೆಯಲು ಕಲಿತ ವಿದ್ಯಾರ್ಥಿ ಆಕರವನ್ನು ಓದಲು ಕಲಿತಂತೆಯೇ.

ಮಾತುಗಳನ್ನೂ ಇಲ್ಲಿ ಗಮನಿಸಬೇಕು. ಕೊಳ್ಳ, ಅರೆ, ಪಡಿ, ದೊಣೆ: ಇವು ಈ ನೆಲ ತನಗೆ ತಾನೇ ಕಟ್ಟಿಕೊಂಡ ಪರಿಭಾಷೆ. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ಎಡೆ ದೊಣೆ. ಮಳೆಗಾಲ ಕಳೆದ ಮೇಲೂ ಕೆಲವು ತಿಂಗಳು ದಾರಿಗರಿಗೂ ದನಕರುಗಳಿಗೂ ಅದೇ ಆಧಾರ. ಹಾಸಾದ ಬಂಡೆ ಅರೆ. ಬಾದಾಮಿಯ ಬೆಟ್ಟಸಾಲಿನಲ್ಲಿಯೇ, ನಮ್ಮ ದಾರಿಯಿಂದ ಬೇರೆಯಾಗಿ, ಊರಿನಿಂದ ನಾಲ್ಕೈದು ಕಿಲೋಮೀಟರ್ ನಡೆದರೆ ಸಿಡಿಲಪಡಿ ಎಂಬ ಸ್ಥಳವಿದೆ. ಜನರ ಬಾಯಲ್ಲಿ ಸಿಡ್ಲಫಡಿ. ಸಿಡಿಲು ಹೊಡೆದು ಬಂಡೆಯಲ್ಲಿ ತೂತು ಬಿದ್ದಿತೆಂದು ಜನರ ವಿವರಣೆ. ಬಿರುಕುಗಳು ಅಗಲಿಸಿ ನಡುವಣ ಕಲ್ಲು ಉದುರಿದ್ದರಿಂದ ಸೇತುವೆಯಂಥ ಕಮಾನು ಉಳಿಯಿತೆಂದು ಶಿಲಾಶಾಸ್ತ್ರದ ವಿವರಣೆ. ಅದರ ನೆರಳಿನಲ್ಲಿ ಇತಿಹಾಸಪೂರ್ವ ಕಾಲದ ಜನ ಬರೆದ ಪ್ರಾಣಿಗಳ ಮತ್ತು ಮನುಷ್ಯರ ಚಿತ್ರಗಳಿವೆ. ಬಾದಾಮಿ ಪರಿಸರದ ಇಂಥ ಚಿತ್ರಾಶ್ರಯಗಳನ್ನು ಬೆಳಕಿಗೆ ತಂದವರಲ್ಲಿ ಡಾ. ಅ. ಸುಂದರ ಅವರು ಮುಖ್ಯರು. ಇದಕ್ಕೂ ಹಿಂದಿನ ಶಿಲಾಯುಗದ ಉಪಕರಣಗಳನ್ನು ಮಲಪ್ರಭೆಯ ದಂಡೆಗಳಲ್ಲಿ ಹುಡುಕಿ ಆರ್. ವಿ. ಜೋಶಿಯವರು 1955ರಲ್ಲಿ ಗ್ರಂಥವನ್ನೇ ಪ್ರಕಟಿಸಿದ್ದಾರೆ. ಈ ಎಲ್ಲ ಕಾಲದ ಜನರಿಗೂ ಬೆಟ್ಟ ಕೊಟ್ಟದ್ದು ಒಂದೇ ವಸ್ತು, ಮುಂಚಾಚಿದ ಬಂಡೆಯ ಕೆಳಗಿನ ನೆರಳು. ಚಾಲುಕ್ಯರು ಆ ನೆರಳನ್ನು ಉಳಿಯಿಂದ ಇನ್ನಷ್ಟು ಆಳಗೊಳಿಸಿದರು. ಶಕವರ್ಷ 500, ಕ್ರಿ.ಶ. 578ರ ಮೂರನೆಯ ಗುಹೆಯ ಬಳಿಯ ಮಂಗಲೇಶನ ಕನ್ನಡ ಶಾಸನ ಅದನ್ನು ಕಲ್ಮನೆ ಎಂದು ಕರೆದಿರುವುದು ಎಷ್ಟು ಉಚಿತವಾಗಿದೆ! ಅಮೆರಿಕದ ಕೊಲರಾಡೋ ಪ್ರಾಂತದ ಮೇಸಾ ವರ್ಡೆ ಎಂಬಲ್ಲಿಯೂ ಮೂಲನಿವಾಸಿಗಳು ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಇಂಥದೇ ಬಂಡೆಯ ಚಾಚಿನಡಿಯಲ್ಲಿ ಊರುಗಳನ್ನು ಕಟ್ಟಿ, ಕಡಿಬಂಡೆಯಲ್ಲಿ ಕೈ ಕಾಲು ಇಡುವಷ್ಟೇ ಗುಳಿಗಳನ್ನು ಕೊರೆದು ಹತ್ತಿಳಿಯುತ್ತಿದ್ದರು. ಒಬ್ಬರನ್ನೊಬ್ಬರು ಕಾಣದ ಜನ. ಕಲ್ಲು ಕಲಿಸಿದ ಪಾಠ ಒಂದೇ.

ಸಮತಟ್ಟಿನ ಪೂರ್ವದ ಅಂಚಿಗೆ ಬಂದಾಗ ದಾರಿ ಥಟ್ಟನೆ ಇಳಿಯುತ್ತದೆ. ಒರಟು ಮೆಟ್ಟಿಲುಗಳು, ಕೆಳಗೆ ಮರಗಳ ಹಸುರು. ಒಣಬಂಡೆಯ ಮೇಲೆ ನಡೆದು ಬಂದವನ ಕಣ್ಣಿಗೆ ಆ ಹಸುರು ಕಾಣುವ ಬಗೆಯನ್ನು ರಸ್ತೆಯಿಂದ ಬಂದವನು ಊಹಿಸಲಾರ. ಮರಳುಗಲ್ಲು ನೀರನ್ನು ಹೀರುವ ಕಲ್ಲು. ಮೇಲೆ ಬಿದ್ದ ಮಳೆ ಅದರ ಸಂದುಗಳಲ್ಲಿ ಇಳಿದು, ಕೆಳಗಿನ ಬಿಗಿಯಾದ ಪದರ ತಡೆದಾಗ ಬುಡದಲ್ಲಿ ಚಿಲುಮೆಯಾಗಿ ಹೊರಬೀಳುವುದು ಇಂಥ ಬೆಟ್ಟಗಳ ಕ್ರಮ. ಮಹಾಕೂಟದ ವಿಷ್ಣುಪುಷ್ಕರಿಣಿ ಅಂಥ ಚಿಲುಮೆಯ ನೀರಿನ ಕೊಳ. ಅದರ ನಡುವೆ ಪಂಚಮುಖಲಿಂಗದ ಮಂಟಪ. ಸುತ್ತಲೂ ಮಹಾಕೂಟೇಶ್ವರ, ಮಲ್ಲಿಕಾರ್ಜುನ, ಸಂಗಮೇಶ್ವರ ಮೊದಲಾದ ಗುಡಿಗಳು, ದ್ರಾವಿಡ ಮತ್ತು ನಾಗರ ಶಿಖರಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ.

ಇಲ್ಲಿ ನಮ್ಮ ಮುಖ್ಯ ಪ್ರಮೇಯಕ್ಕೆ ಬರೋಣ. ಮಂಗಲೇಶನು ತನ್ನ ವಂಶದ ವೃತ್ತಾಂತವನ್ನೂ ಕಲಚುರಿ ಬುದ್ಧರಾಜನ ಮೇಲಿನ ವಿಜಯವನ್ನೂ ಹೇಳುವ ಧರ್ಮವಿಜಯಸ್ತಂಭವನ್ನು ನಿಲ್ಲಿಸಿದ್ದು ರಾಜಧಾನಿಯಲ್ಲಲ್ಲ, ಮಹಾಕೂಟದಲ್ಲಿ. ಅವನ ತಂದೆ ಪುಲಕೇಶಿಯ ಪತ್ನಿ ದುರ್ಲಭದೇವಿ ಮಕುಟೇಶ್ವರನಾಥನಿಗೆ ಹತ್ತು ಗ್ರಾಮಗಳ ದತ್ತಿಯನ್ನು ಸ್ಥಿರಪಡಿಸಿದ ಸಂಗತಿಯೂ ಅದರಲ್ಲಿದೆ. ಸಾಮಾನ್ಯವಾಗಿ ಕ್ರಿ.ಶ. 602ರದೆಂದು ಎಣಿಸಲಾಗುವ ಈ ಸ್ತಂಭಶಾಸನವನ್ನು ಜೆ. ಎಫ್. ಫ್ಲೀಟ್ 1890ರಲ್ಲಿ ಪ್ರಕಟಿಸಿದರು. ಇಷ್ಟು ಘನವಾದ ರಾಜಕೀಯ ಘೋಷಣೆಯನ್ನು ರಾಜಧಾನಿಯಿಂದ ದೂರದ ಒಂದು ಕ್ಷೇತ್ರದಲ್ಲಿ ಏಕೆ ಇಟ್ಟನೆಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುತ್ತಾರೆ. ಪ್ರಶ್ನೆ ಹುಟ್ಟಿರುವುದು ಗಾಡಿರಸ್ತೆಯಿಂದ. ನಡೆಯುವವನಿಗೆ ಮಹಾಕೂಟ ದೂರವೇ ಅಲ್ಲ. ಬೆಳಗ್ಗೆ ಕೋಟೆಯನ್ನು ಬಿಟ್ಟವನು ಬಿಸಿಲೇರುವುದರೊಳಗೆ ಪುಷ್ಕರಿಣಿಯಲ್ಲಿ ಸ್ನಾನ ಮುಗಿಸಬಹುದು. ಬೆಟ್ಟದ ಪಡುವಣ ಬದಿಯಲ್ಲಿ ಅರಮನೆ ಮತ್ತು ಕೆರೆ, ಮೂಡಣ ಬದಿಯಲ್ಲಿ ಕುಲದೈವ ಮತ್ತು ಚಿಲುಮೆ. ಇವು ಎರಡು ಊರುಗಳಲ್ಲ, ಒಂದೇ ಬೆಟ್ಟದ ಎರಡು ಬಾಗಿಲುಗಳು. ಕಾಲುದಾರಿ ಅವುಗಳ ನಡುವಣ ಪಡಸಾಲೆ. ಈ ದೃಷ್ಟಿಯಿಂದ ನೋಡಿದರೆ ಸ್ತಂಭ ಇರಬೇಕಾದಲ್ಲಿಯೇ ಇತ್ತು. ಇತ್ತು ಎನ್ನುವುದೇಕೆಂದರೆ, ಅದೀಗ ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ರಕ್ಷಣೆಯ ದೃಷ್ಟಿಯಿಂದ ಸ್ಥಳಾಂತರ ತಪ್ಪೆನ್ನಲಾಗದು. ಆದರೆ ಅಲ್ಲಿ ಅದನ್ನು ನೋಡುವವನಿಗೆ ಅಕ್ಷರಗಳು ಸಿಕ್ಕುತ್ತವೆ, ದಾರಿ ಸಿಕ್ಕುವುದಿಲ್ಲ.

ಬರ್ಜೆಸ್ಸನು ಬೆಳಗಾವಿ, ಕಲಾದಗಿ ಜಿಲ್ಲೆಗಳ ಸಮೀಕ್ಷೆಯ ವರದಿಯನ್ನು 1874ರಲ್ಲಿ ಪ್ರಕಟಿಸಿದ ಕಾಲಕ್ಕೆ ಈ ಸೀಮೆಯಲ್ಲಿ ಮೋಟಾರು ಇರಲಿಲ್ಲ. ಈಗ ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ದಿನದಲ್ಲಿ ಮುಗಿಸುವ ಪ್ರವಾಸಗಳು ನಮ್ಮ ಕಾಲೇಜುಗಳಲ್ಲಿ ರೂಢಿಯಾಗಿವೆ. ಒಂದೊಂದು ಸ್ಥಳದಲ್ಲಿ ಮುಕ್ಕಾಲು ಗಂಟೆ, ಛಾಯಾಚಿತ್ರ, ಮತ್ತೆ ಬಸ್ಸು. ಇದರಿಂದ ವಾಸ್ತುಶೈಲಿಯ ಪಟ್ಟಿ ಬಾಯಿಗೆ ಬರಬಹುದು. ಚಾಲುಕ್ಯರ ರಾಜ್ಯದ ಹೃದಯಭಾಗ ಎಷ್ಟು ಚಿಕ್ಕದಾಗಿತ್ತು, ಎಷ್ಟು ಒತ್ತಾಗಿತ್ತು ಎಂಬುದು ತಿಳಿಯುವುದಿಲ್ಲ. ಜನ ಇನ್ನೂ ನಡೆಯುವುದನ್ನು ಪೂರ್ತಿ ಬಿಟ್ಟಿಲ್ಲ. ಪುಷ್ಯಮಾಸದ ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆಗೆ ಬರುವ ಭಕ್ತರಲ್ಲಿ ಕಾಲ್ನಡಿಗೆಯವರು ಇಂದಿಗೂ ಉಂಟು. ಆದರೆ ಬೆಟ್ಟದ ಮೇಲಿನ ದಾರಿ ಬಳಕೆ ತಪ್ಪುತ್ತ ಬಂದಿದೆ. ಬಳಕೆ ತಪ್ಪಿದ ದಾರಿಯಲ್ಲಿ ಮೊದಲು ಕಂಟಿ ಬೆಳೆಯುತ್ತದೆ, ಆಮೇಲೆ ಮೆಟ್ಟಿಲ ಕಲ್ಲು ಜರುಗುತ್ತದೆ, ಕೊನೆಗೆ ಆ ಕಲ್ಲು ಯಾರದೋ ಹೊಲದ ಒಡ್ಡಿಗೆ ಹೋಗುತ್ತದೆ. ಗುಡಿಗೆ ಪುರಾತತ್ತ್ವ ಇಲಾಖೆಯ ಫಲಕವಿರುತ್ತದೆ. ದಾರಿಗೆ ಅಂಥ ಆಸರೆ ಯಾವುದು?

ಗಣೇಶಗುಡಿಯ ಕಡೆಯ ವಿದ್ಯಾರ್ಥಿಗಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕಾಳಿಯೂ ಪಾಂಡರಿಯೂ ಕೂಡುವ ಎಡೆಯಲ್ಲಿದ್ದ ಸೂಪಾ ಒಂದು ಕಾಲಕ್ಕೆ ತಾಲ್ಲೂಕಿನ ಕೇಂದ್ರವಾಗಿತ್ತು. 1987ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿತು. ಕೇಂದ್ರ ಜೋಯಿಡಾಕ್ಕೆ ಹೋಯಿತು. ಊರಿನ ಹೆಸರು ಅಣೆಕಟ್ಟಿನಲ್ಲಿ ಉಳಿದಿದೆ. ಆ ಊರಿಗೆ ಬೆಟ್ಟಗಳಿಂದ ಇಳಿದು ಬರುತ್ತಿದ್ದ ಕಾಲುದಾರಿಗಳು ಈಗ ನೀರಿನ ಅಂಚಿನಲ್ಲಿ ನಿಂತುಹೋಗುತ್ತವೆ. ಯಾವ ದಾರಿಯಿಂದ ಯಾರು ಯಾವ ಸಂತೆಗೆ ಏನನ್ನು ಹೊತ್ತು ಬರುತ್ತಿದ್ದರೆಂಬುದನ್ನು ಹಿರಿಯರ ನೆನಪಿನಿಂದಲೇ ಕೇಳಿ ಬರೆದುಕೊಳ್ಳಬೇಕು. ಬಾದಾಮಿಯ ದಾರಿ ಮುಳುಗಿಲ್ಲ. ಅದನ್ನು ಇನ್ನೂ ಕಾಲಿನಿಂದಲೇ ಓದಬಹುದು.

ಓದುವ ಕ್ರಮವನ್ನೂ ಒಂದಿಷ್ಟು ಹೇಳುವುದು ಉಚಿತ. ಕಾರ್ತಿಕದಿಂದ ಮಾಘದವರೆಗಿನ ತಿಂಗಳುಗಳು ಒಳ್ಳೆಯವು. ಬೇಸಿಗೆಯಲ್ಲಿ ಬಂಡೆ ಹೆಂಚಿನಂತೆ ಕಾಯುತ್ತದೆ, ಮಳೆಯಲ್ಲಿ ಪಾಚಿ ಜಾರಿಸುತ್ತದೆ. ಸ್ಥಳದ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳದೆ ಹೋಗಬಾರದು. ನೀರನ್ನು ಊರಿನಿಂದಲೇ ಒಯ್ಯಬೇಕು. ದೊಣೆಯ ನೀರನ್ನು ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳುವುದು ಲೇಸು. ನಿಲ್ಲದೆ ನಡೆದರೆ ಎರಡು ಮೂರು ಗಂಟೆಗಳ ದಾರಿ, ಆದರೆ ಅಳತೆಪಟ್ಟಿಯನ್ನೂ ಟಿಪ್ಪಣಿ ಪುಸ್ತಕವನ್ನೂ ಹಿಡಿದವರಿಗೆ ಇಡೀ ದಿನವೂ ಸಾಲದು. ಮೆಟ್ಟಿಲಿನ ಅಗಲ, ಸವೆತದ ಆಳ, ಹಾಸುಗಲ್ಲು ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲುತ್ತದೆ, ಬಂಡೆ ಒಡೆಯಲು ಬೆಣೆ ಹೊಡೆದ ಗುಳಿಗಳಿವೆಯೇ, ಇವನ್ನು ಗುರುತು ಹಾಕಿಕೊಳ್ಳಬೇಕು. ಕೆತ್ತಿದ ಅಕ್ಷರ ಕಂಡರೆ ಸೀಮೆಸುಣ್ಣ ತುಂಬುವ ಹಳೆಯ ಚಾಳಿ ಬೇಡ. ಓರೆಬೆಳಕಿನಲ್ಲಿ ಚಿತ್ರ ತೆಗೆದರೆ ಸಾಕು. ಚಾಲುಕ್ಯರ ಕಲ್ಲುಕುಟಿಗರು ತಮ್ಮ ಹೆಸರುಗಳನ್ನು ಗುಹೆ, ಗುಡಿ, ಕಲ್ಲುಗಣಿಗಳಲ್ಲಿ ಬಿಟ್ಟುಹೋಗಿರುವುದನ್ನು ಶ್ರೀನಿವಾಸ ಪಾಡಿಗಾರರಂಥ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ಬಿರುದು, ಸನ್ಮಾನ ಎಲ್ಲ ದೊರೆತವು. ಬೆಟ್ಟದಲ್ಲಿ ಹೆಸರು ಕೊರೆದವನಿಗೆ ಆ ಬಂಡೆಯೊಂದೇ.

ಮಹಾಕೂಟಕ್ಕೆ ಇಳಿದ ಮೇಲೆ ಮಹಾಕೂಟೇಶ್ವರನ ಮುಖಮಂಟಪದಲ್ಲಿ ಕೊಂಚ ಕುಳಿತುಕೊಳ್ಳಬೇಕು. ಅಲ್ಲಿ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯ ಕನ್ನಡ ಶಾಸನವಿದೆ. ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಅವಳು ಕೊಟ್ಟಳೆಂದು ಅದರಿಂದ ತಿಳಿದುಬರುತ್ತದೆ. ಎಂಟನೆಯ ಶತಮಾನದ ಮೊದಲ ಭಾಗದ ಆ ಕಾಣಿಕೆಗಳು ರಾಜಧಾನಿಯಿಂದ ಇಲ್ಲಿಗೆ ಬಂದುದು ಯಾವ ದಾರಿಯಿಂದ ಎಂಬ ಪ್ರಶ್ನೆಯನ್ನು, ಬೆಟ್ಟವನ್ನು ದಾಟಿ ಬಂದು ಕಾಲು ತೊಳೆದುಕೊಂಡು ಕುಳಿತ ವಿದ್ಯಾರ್ಥಿಗಳ ಮುಂದೆ ಇಟ್ಟು ನೋಡಬಹುದು.